ಸ್ಟಿಮ್ಯುಲಸ್ ಹಣ ಮತ್ತು ತೆರಿಗೆ ರಿಫಂಡ್: 1040 ನಮೂನೆಯ 30ನೆಯ ಸಾಲಿನ ಕುರಿತು

ಕೊರೊನಾ ಕಾಲದಲ್ಲಿ ಅಮೆರಿಕದ ಸರ್ಕಾರ ಮೂರು ಕಂತುಗಳಲ್ಲಿ ಜನರ ಖಾತೆಗೆ ನೇರವಾಗಿ ಹಣ ಹಾಕಿತು. ಈಗ ಕೊಟ್ಟದ್ದನ್ನು ಮುಂದಿನ ವರ್ಷದ ತೆರಿಗೆ ರಿಫಂಡ್‌ನಲ್ಲಿ ಮುರಿದುಕೊಳ್ಳುತ್ತಾರೆ ಎಂಬ ಆತಂಕ ಆಗ ಅಲ್ಲಿ ವ್ಯಾಪಕವಾಗಿತ್ತು. ಕಾನೂನನ್ನು ಓದಿದರೆ ಈ ಆತಂಕಕ್ಕೆ ಆಧಾರ ಕಾಣುವುದಿಲ್ಲ. ಆದರೆ ಅದೇ ಹಣ ಚೆಕ್ಕಾಗಿ ಬಾರದೆ ರಿಫಂಡ್‌ನೊಳಗೆ ಸೇರಿ ಬಂದಾಗ ಅದಕ್ಕಿದ್ದ ರಕ್ಷಣೆ ಕುಗ್ಗುತ್ತಿತ್ತು. ಹೆಚ್ಚು ಚರ್ಚೆಯಾಗಬೇಕಿದ್ದದ್ದು ಇದು ಎಂಬುದು ಈ ಟಿಪ್ಪಣಿಯ ವಾದ.

2020ರ ಮಾರ್ಚ್ 27ರಂದು ಸಹಿಯಾದ ಕೇರ್ಸ್ ಕಾಯ್ದೆ ವಯಸ್ಕರಿಗೆ ತಲಾ 1,200 ಡಾಲರ್, 17 ತುಂಬದ ಮಕ್ಕಳಿಗೆ 500 ಡಾಲರ್ ಕೊಟ್ಟಿತು. ಅದೇ ವರ್ಷದ ಡಿಸೆಂಬರ್ 27ರ ಕಾಯ್ದೆ ದೊಡ್ಡವರಿಗೂ ಮಕ್ಕಳಿಗೂ ತಲಾ 600 ಡಾಲರ್ ಕೊಟ್ಟಿತು. 2021ರ ಮಾರ್ಚ್ 11ರ ಕಾಯ್ದೆ ತಲಾ 1,400 ಡಾಲರ್. ಒಬ್ಬಂಟಿಯಾಗಿ ರಿಟರ್ನ್ ಸಲ್ಲಿಸುವವರ ಆದಾಯ 75,000 ಡಾಲರ್, ದಂಪತಿಗಳ ಜಂಟಿ ಆದಾಯ 1,50,000 ಡಾಲರ್ ದಾಟಿದರೆ ಮೊತ್ತ ಇಳಿಯುತ್ತಿತ್ತು. ಜನ ಇದನ್ನು ಸ್ಟಿಮ್ಯುಲಸ್ ಚೆಕ್ ಎಂದರೂ ಕಾನೂನು ಇದನ್ನು ಬರೆದಿರುವುದು ಒಂದು ತೆರಿಗೆ ಕ್ರೆಡಿಟ್ ಎಂದು. ಮೊದಲೆರಡು ಕಂತು 2020ರ ತೆರಿಗೆ ವರ್ಷದ ಕ್ರೆಡಿಟ್, ಮೂರನೆಯದು 2021ರದ್ದು. ತೆರಿಗೆಯೇ ಬಾರದವರಿಗೂ ಪೂರ್ತಿ ಸಿಗುವ ಬಗೆಯ ಕ್ರೆಡಿಟ್ ಇದು. ವರ್ಷ ಮುಗಿಯುವವರೆಗೆ ಜನ ಕಾಯಬಾರದೆಂದು ಅದನ್ನು ಮುಂಗಡವಾಗಿ ಹಂಚಿದರು. 2008ರ ಆರ್ಥಿಕ ಕುಸಿತದಲ್ಲೂ ಇದೇ ವಿಧಾನ ಬಳಸಿದ್ದರು. ಅಂದರೆ ಮುಂಗಡ ಕೊಟ್ಟದ್ದು ಹೊಸದಾಗಿ ಸೃಷ್ಟಿಸಿದ ಕ್ರೆಡಿಟ್ಟನ್ನು, ತೆರಿಗೆದಾರನಿಗೆ ಹೇಗೂ ಬರಬೇಕಿದ್ದ ರಿಫಂಡನ್ನಲ್ಲ.

ಒಬ್ಬನ 2020ರ ತೆರಿಗೆ 4,000 ಡಾಲರ್, ಸಂಬಳದಲ್ಲಿ ಕಡಿತವಾದದ್ದು 5,000 ಡಾಲರ್ ಎಂದಿಟ್ಟುಕೊಳ್ಳೋಣ. ರಿಫಂಡ್ 1,000 ಡಾಲರ್. ಮೊದಲೆರಡು ಕಂತು, ಒಟ್ಟು 1,800 ಡಾಲರ್, ಕೈಸೇರಿದ್ದರೆ ಫೆಡರಲ್ ತೆರಿಗೆ ರಿಟರ್ನಿನ, ಅಂದರೆ 1040 ನಮೂನೆಯ, ಈ ಕ್ರೆಡಿಟ್ಟಿನ ಬಾಕಿ ಕೇಳುವ 30ನೆಯ ಸಾಲಿನಲ್ಲಿ ಆತ ಸೊನ್ನೆ ಬರೆಯುತ್ತಾನೆ. ರಿಫಂಡ್ ಅದೇ 1,000. ಅರ್ಹತೆಯಿದ್ದೂ ಹಣ ಬಂದಿಲ್ಲದಿದ್ದರೆ ಅದೇ ಸಾಲಿನಲ್ಲಿ 1,800 ಬರೆಯುತ್ತಾನೆ. ರಿಫಂಡ್ 2,800 ಆಗುತ್ತದೆ. ಬಂದ ಹಣ ಆದಾಯವೂ ಅಲ್ಲವಾದ್ದರಿಂದ ಅದರ ಮೇಲೆ ಫೆಡರಲ್ ತೆರಿಗೆ ಇಲ್ಲ.

ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಔದಾರ್ಯ ಎದ್ದು ಕಾಣುವುದು ಲೆಕ್ಕ ತಾಳೆಯಾಗದಿದ್ದಾಗ. ಮೊದಲ ಚೆಕ್ಕಿನ ಮೊತ್ತವನ್ನು ಹಿಂದಿನ, ಅಂದರೆ 2019ರ ಅಥವಾ 2018ರ, ರಿಟರ್ನ್ ನೋಡಿ ನಿರ್ಧರಿಸಿದ್ದರು. ಅಲ್ಲಿ 60,000 ಡಾಲರ್ ಇದ್ದ ಆದಾಯ 2020ರಲ್ಲಿ 1,10,000ಕ್ಕೆ ಏರಿದ ಒಬ್ಬಂಟಿಗೆ ನಿಜವಾಗಿ ಸಲ್ಲಬೇಕಾದದ್ದು ಏನೂ ಇಲ್ಲ. ಆದರೂ ಅವನು ಪಡೆದದ್ದನ್ನು ಹಿಂದಿರುಗಿಸಬೇಕಿರಲಿಲ್ಲ. ಕ್ರೆಡಿಟ್ ಸೊನ್ನೆಗಿಂತ ಕೆಳಗಿಳಿಯದು ಎಂದು ಕಾನೂನೇ ಹೇಳಿತ್ತು. ಆದಾಯ ಕುಸಿದವನಿಗೆ, ಆ ವರ್ಷ ಮಗು ಹುಟ್ಟಿದ ಮನೆಗೆ, ಬಾಕಿ 30ನೆಯ ಸಾಲಿನ ಮೂಲಕ ಸಿಗುತ್ತಿತ್ತು. ಇದಕ್ಕೆ ವಿರುದ್ಧವಾದದ್ದು 2021ರ ಮಕ್ಕಳ ತೆರಿಗೆ ಕ್ರೆಡಿಟ್. ಜುಲೈನಿಂದ ಡಿಸೆಂಬರ್‌ವರೆಗೆ ಪ್ರತಿ ಮಗುವಿಗೆ ತಿಂಗಳಿಗೆ 250 ಅಥವಾ 300 ಡಾಲರ್‌ವರೆಗೆ ಕೊಟ್ಟ ಆ ಹಣ ವರ್ಷದ ಕ್ರೆಡಿಟ್ಟಿನ ಅರ್ಧ ಭಾಗ. ಹಾಗಾಗಿ 2022ರಲ್ಲಿ ಸಲ್ಲಿಸಿದ ರಿಟರ್ನಿನಲ್ಲಿ ಉಳಿದರ್ಧ ಮಾತ್ರ ಸಿಕ್ಕಿತು, ಹೆಚ್ಚು ಪಡೆದ ಕೆಲವರು ಹಿಂದಿರುಗಿಸಬೇಕಾಗಿಯೂ ಬಂತು. ಎರಡೂ ಹಣ ಒಂದೇ ಖಾತೆಗೆ ಬಂದುದರಿಂದ ಜನ ಎರಡನ್ನೂ ಒಂದೇ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಅಲ್ಲಿರುವ ಕನ್ನಡಿಗ ಕುಟುಂಬಗಳಿಗೂ ಈ ಸಾಲು ಮುಖ್ಯವಾಗಿತ್ತು. ಉದಾಹರಣೆಗೆ, ಗಂಡ ಎಚ್-1ಬಿ ಉದ್ಯೋಗ ವೀಸಾದಲ್ಲಿ, ಹೆಂಡತಿ ಕೆಲಸದ ಪರವಾನಗಿಯಿಲ್ಲದ ಎಚ್-4 ಅವಲಂಬಿತ ವೀಸಾದಲ್ಲಿ ಇದ್ದಾರೆ ಎನ್ನೋಣ. ಅವನಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಿದೆ, ಅವಳಿಗಿರುವುದು ತೆರಿಗೆಯ ಉದ್ದೇಶಕ್ಕಷ್ಟೇ ಕೊಡುವ ಐಟಿಐಎನ್ ಸಂಖ್ಯೆ ಮಾತ್ರ. ಮಗು ಅಲ್ಲೇ ಹುಟ್ಟಿದ ಪ್ರಜೆ. ಗಂಡಹೆಂಡಿರಿಬ್ಬರಿಗೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರಬೇಕಿದ್ದರಿಂದ, ಸೈನಿಕ ಕುಟುಂಬಗಳ ಹೊರತು, ಜಂಟಿ ರಿಟರ್ನ್ ಸಲ್ಲಿಸಿದ ಇಂಥ ಮನೆಗೆ ಕೇರ್ಸ್ ಕಾಯ್ದೆಯಡಿ ಸಿಕ್ಕಿದ್ದು ಸೊನ್ನೆ. ಡಿಸೆಂಬರಿನ ಕಾಯ್ದೆ ಇದನ್ನು ಪೂರ್ವಾನ್ವಯವಾಗುವಂತೆ ತಿದ್ದಿತು. ಗಂಡನ 1,200, ಮಗುವಿನ 500, ಹೀಗೆ ತಪ್ಪಿಹೋಗಿದ್ದ 1,700 ಡಾಲರನ್ನು ಅವರು 2020ರ ರಿಟರ್ನಿನಲ್ಲಿ ಕೇಳಬಹುದಾಯಿತು. ಎಫ್-1 ವಿದ್ಯಾರ್ಥಿಗಳ ಸಂಗತಿ ಬೇರೆ: ಮೊದಲ ಐದು ವರ್ಷ ತೆರಿಗೆಯ ಲೆಕ್ಕದಲ್ಲಿ ಅವರು ಸಾಮಾನ್ಯವಾಗಿ ಅನಿವಾಸಿಗಳು, ಆದ್ದರಿಂದ ಅನರ್ಹರು.

ಇನ್ನು ರಕ್ಷಣೆಯ ಮಾತು. ಮೊದಲ ಚೆಕ್ಕನ್ನು ಮಕ್ಕಳ ಜೀವನಾಂಶದ ಬಾಕಿಯ ಹೊರತು ಬೇರಾವ ಸರ್ಕಾರಿ ಸಾಲಕ್ಕೂ ಮುರಿದುಕೊಳ್ಳುವಂತಿರಲಿಲ್ಲ. ಎರಡನೆಯ, ಮೂರನೆಯ ಚೆಕ್ಕನ್ನು ಆ ಬಾಕಿಗೂ ಮುರಿದುಕೊಳ್ಳುವಂತಿರಲಿಲ್ಲ. ಆದರೆ ಚೆಕ್ ತಲುಪದೆ 30ನೆಯ ಸಾಲಿನಲ್ಲಿ ಕೇಳಿದವರ ಹಣ ರಿಫಂಡಿನ ಭಾಗವಾಗಿ, ಹಳೆಯ ಬಾಕಿಗಳಿಗೆ ಜಮೆಯಾಗುವ ಸ್ಥಿತಿಗೆ ಬಂತು. ತೆರಿಗೆದಾರರ ರಾಷ್ಟ್ರೀಯ ವಕೀಲೆ ಎರಿನ್ ಕಾಲಿನ್ಸ್ ಇದನ್ನು ಎತ್ತಿ ತೋರಿಸಿದ ಮೇಲೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ 2020ರ ಕ್ರೆಡಿಟ್ಟನ್ನು ಫೆಡರಲ್ ತೆರಿಗೆ ಬಾಕಿಗೆ ಹಿಡಿಯುವುದನ್ನು ಕೈಬಿಟ್ಟಿತು. ಇತರ ಬಾಕಿಗಳ ಅಪಾಯ ಉಳಿದೇ ಇತ್ತು. ಮೇಲಾಗಿ, 30ನೆಯ ಸಾಲಿನ ಮೊತ್ತ ಇಲಾಖೆಯ ದಾಖಲೆಯೊಂದಿಗೆ ಹೊಂದದೆ ಲಕ್ಷಾಂತರ ಜನರಿಗೆ ಲೆಕ್ಕದೋಷದ ನೋಟಿಸು ಹೋಯಿತು. ಅವುಗಳಲ್ಲಿ ಹಲವು ನೋಟಿಸುಗಳು, 60 ದಿನಗಳೊಳಗೆ ಆಕ್ಷೇಪಿಸುವ ಹಕ್ಕಿದೆ ಎಂಬುದನ್ನೇ ತಿಳಿಸಲಿಲ್ಲ. ಚೆಕ್ ತಲುಪದವರಲ್ಲಿ ಬಡವರು, ವಿಳಾಸ ಬದಲಿಸಿದವರು, ರಿಟರ್ನ್ ಸಲ್ಲಿಸುವ ರೂಢಿಯಿಲ್ಲದವರು ಸೇರಿದ್ದರು ಎಂಬುದನ್ನು ನೆನೆದರೆ ಇದನ್ನು ಸಣ್ಣ ಲೋಪ ಎನ್ನಲಾಗದು. ಒಂದೇ ಕ್ರೆಡಿಟ್ಟಿಗೆ ಅದು ತಲುಪುವ ದಾರಿಯನ್ನು ನೋಡಿ ಎರಡು ಬಗೆಯ ರಕ್ಷಣೆ ಕೊಟ್ಟದ್ದು ಅನ್ಯಾಯ.

ಸ್ಟಿಮ್ಯುಲಸ್ ಹಣದಿಂದ ರಿಫಂಡ್ ಇಳಿಯದು ಎಂಬ ಮಾತಿಗೆ ರಾಜ್ಯ ಮಟ್ಟದಲ್ಲಿ ಒಂದು ಅಪವಾದವನ್ನು ದಾಖಲಿಸಬೇಕು. ಒರೆಗಾನ್‌ನಲ್ಲಿ ಫೆಡರಲ್ ತೆರಿಗೆಯನ್ನು ಒಂದು ಮಿತಿಯವರೆಗೆ ರಾಜ್ಯದ ಆದಾಯದಿಂದ ಕಳೆಯಬಹುದು. ಸ್ಟಿಮ್ಯುಲಸ್ ಹಣ ಫೆಡರಲ್ ತೆರಿಗೆಯನ್ನು ತಗ್ಗಿಸಿದಂತೆ ಲೆಕ್ಕವಾಗಿ, ಕಳೆಯುವ ಮೊತ್ತ ಇಳಿದು, ಕೆಲವರ ರಾಜ್ಯ ರಿಫಂಡ್ ನಿಜಕ್ಕೂ ಕಿರಿದಾಯಿತು.

2021ರ ರಿಟರ್ನ್ ಸಲ್ಲಿಸಿಯೂ 30ನೆಯ ಸಾಲನ್ನು ಖಾಲಿ ಬಿಟ್ಟ ಅಥವಾ ಸೊನ್ನೆ ಬರೆದ ಅರ್ಹರಿಗೆ ತಾನೇ ಹಣ ಕಳಿಸುವುದಾಗಿ ಐಆರ್‌ಎಸ್ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅವರು ಸುಮಾರು 10 ಲಕ್ಷ ಮಂದಿ. ಒಟ್ಟು ಮೊತ್ತ ಸುಮಾರು 240 ಕೋಟಿ ಡಾಲರ್. ಆ ವರ್ಷದ ರಿಟರ್ನನ್ನೇ ಸಲ್ಲಿಸದವರಿಗೆ ಕ್ರೆಡಿಟ್ ಕೇಳುವ ಗಡುವು 2025ರ ಏಪ್ರಿಲ್ 15ಕ್ಕೆ ಮುಗಿಯಿತು.