ಅಜ್ಞಾತ ಲವಣ: ವಿದ್ಯಾರ್ಥಿ ಪ್ರಯೋಗಶಾಲೆಯ ಇತಿಹಾಸದಲ್ಲಿ ಒಂದು ಪರಿಕಲ್ಪನೆಯ ಬೆಳವಣಿಗೆ

ರಸಾಯನಶಾಸ್ತ್ರದ ಇತಿಹಾಸವನ್ನು ಮಹಾವಿಜ್ಞಾನಿಗಳ ಶೋಧನೆಗಳ ಸರಣಿಯಾಗಿ ನಿರೂಪಿಸುವುದು ವಾಡಿಕೆ. ಅಷ್ಟೇ ಮಹತ್ವದ ಇನ್ನೊಂದು ಇತಿಹಾಸ ವಿದ್ಯಾರ್ಥಿಗಳ ಪ್ರಯೋಗಶಾಲೆಯದು. ಹೆಸರು ಹೇಳದೆ ಕೊಟ್ಟ ಒಂದು ಚಿಟಿಕೆ ಪುಡಿಯನ್ನು ಆಮ್ಲ, ಕ್ಷಾರ ಮತ್ತು ಜ್ವಾಲೆಗಳ ನೆರವಿನಿಂದ ಗುರುತಿಸುವ ‘ಲವಣ ವಿಶ್ಲೇಷಣೆ’ ಕರ್ನಾಟಕದ ವಿಜ್ಞಾನ ವಿದ್ಯಾರ್ಥಿಗಳ ಹಲವು ತಲೆಮಾರುಗಳಿಗೆ ಪರಿಚಿತವಾದದ್ದು. ಈ ಅಭ್ಯಾಸದ ಕೇಂದ್ರದಲ್ಲಿರುವ ‘ಅಜ್ಞಾತ’ ಎಂಬ ಮಾತು ಕಾಲಾಂತರದಲ್ಲಿ ಮೂರು ಅರ್ಥಗಳನ್ನು ಪಡೆದಿದೆ. ಯಾರಿಗೂ ತಿಳಿಯದಿರುವುದು ಮೊದಲನೆಯದು. ಗುರುವಿಗೆ ತಿಳಿದಿದ್ದು ಶಿಷ್ಯನಿಗೆ ತಿಳಿಯದಿರುವುದು ಎರಡನೆಯದು. ಇಬ್ಬರಿಗೂ ತಿಳಿದಿದ್ದು ಹೆಸರಿಗೆ ಮಾತ್ರ ಅಜ್ಞಾತವಾಗಿರುವುದು ಮೂರನೆಯದು. ಈ ಮೂರರ ನಡುವಿನ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಆಮ್ಲ ಮತ್ತು ಕ್ಷಾರಗಳನ್ನು ಬಣ್ಣದಿಂದ ಗುರುತಿಸುವ ಕ್ರಮ ಪ್ರಯೋಗಶಾಲೆಗಿಂತ ಹಳೆಯದು. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರನ್ನು ಸಿದ್ಧಪಡಿಸುವ ಗೃಹಿಣಿಗೆ ಈ ವರ್ಣಪರಿವರ್ತನೆ ಸುಪರಿಚಿತ. ಅದೇ ನೀರಿಗೆ ನಿಂಬೆರಸ ಹಿಂಡಿದರೆ ಹಳದಿ ಮರಳುತ್ತದೆ. ಇಂತಹ ಅನುಭವವನ್ನು ವ್ಯವಸ್ಥಿತ ಪರೀಕ್ಷೆಯಾಗಿ ರೂಪಿಸಿದವರಲ್ಲಿ ರಾಬರ್ಟ್ ಬಾಯ್ಲ್ ಪ್ರಮುಖನು. ನೇರಳೆ ಹೂವಿನ ಪಾಕವು ಆಮ್ಲದಿಂದ ಕೆಂಪಾಗಿ, ಕ್ಷಾರದಿಂದ ಹಸಿರಾಗುವುದನ್ನು ಅವನು 1664ರಲ್ಲಿ ಪ್ರಕಟವಾದ ವರ್ಣಸಂಬಂಧಿ ಗ್ರಂಥದಲ್ಲಿ ದಾಖಲಿಸಿದನು. ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ಉಪ್ಸಾಲದ ಟಾರ್ಬರ್ನ್ ಬರ್ಗ್‌ಮನ್ ಖನಿಜಜಲಗಳ ಪರೀಕ್ಷೆಗಾಗಿ ಕಾರಕಗಳ ಬಳಕೆಯನ್ನು ಕ್ರಮಬದ್ಧಗೊಳಿಸಿದನು. ಆ ಕಾಲದಲ್ಲಿ ಅಜ್ಞಾತವೆಂದರೆ ನಿಜವಾಗಿಯೂ ಅಜ್ಞಾತ. ಉತ್ತರವನ್ನು ಮೊದಲೇ ಬಲ್ಲ ಪರೀಕ್ಷಕನಿರಲಿಲ್ಲ.

ಇದಕ್ಕೆ ಉತ್ತಮ ನಿದರ್ಶನ ಗಾಟಿಂಗೆನ್ನಿನ ಫ್ರೀಡ್ರಿಕ್ ಸ್ಟ್ರೋಮೆಯರ್. ವಿದ್ಯಾರ್ಥಿಗಳು ಸ್ವತಃ ಪ್ರಯೋಗ ಮಾಡಬೇಕೆಂದು ಬೋಧಿಸಿದ ಆರಂಭಕಾಲದ ಪ್ರಾಧ್ಯಾಪಕರಲ್ಲಿ ಅವನು ಒಬ್ಬನು. ಔಷಧಾಲಯಗಳ ತಪಾಸಕನೂ ಆಗಿದ್ದ ಅವನು 1817ರಲ್ಲಿ ಸತು ಕಾರ್ಬೊನೇಟಿನ ಒಂದು ಮಾದರಿಯು ಕಾಯಿಸಿದಾಗ ಹಳದಿಯಾಗುವುದನ್ನು ಕಂಡನು. ಕಬ್ಬಿಣ ಬೆರೆತಿರಬಹುದೆಂಬ ಸುಲಭ ವಿವರಣೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆ ಹಳದಿಯ ಬೆನ್ನು ಹತ್ತಿದ್ದರಿಂದ ಕ್ಯಾಡ್ಮಿಯಂ ಎಂಬ ಹೊಸ ಧಾತು ದೊರೆಯಿತು. ನಿರೀಕ್ಷೆಗೆ ಹೊಂದದ ಬಣ್ಣವನ್ನು ತಳ್ಳಿಹಾಕದಿರುವುದೇ ಇಲ್ಲಿನ ಪಾಠ.

ಎರಡನೆಯ ಅರ್ಥದ ಅಜ್ಞಾತವು ನೆಲೆಗೊಂಡದ್ದು ಜರ್ಮನಿಯ ಗೀಸೆನ್ನಿನಲ್ಲಿ. 1824ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ ಅಲ್ಲಿ ಪ್ರಾಧ್ಯಾಪಕನಾದ ಯುಸ್ಟುಸ್ ಲೀಬಿಗ್ ತನ್ನ ವಿದ್ಯಾರ್ಥಿದೆಸೆಯಲ್ಲಿ ಖನಿಜ ವಿಶ್ಲೇಷಣೆಯನ್ನು ಕಲಿಸುವ ಗುರುವನ್ನು ಜರ್ಮನಿಯಲ್ಲಿ ಕಾಣದೆ ಪ್ಯಾರಿಸ್ಸಿಗೆ ಹೋಗಬೇಕಾಗಿತ್ತು. ಆ ಕೊರತೆಯನ್ನು ಅವನು ಸೈನಿಕರ ಹಳೆಯ ಕಟ್ಟಡವೊಂದರಲ್ಲಿ ನಡೆಸಿದ ಪ್ರಯೋಗಶಾಲೆಯಲ್ಲಿ ತುಂಬಿದನು. ಹೊಸಬರು ಗುಣಾತ್ಮಕ ವಿಶ್ಲೇಷಣೆಯಿಂದ ಆರಂಭಿಸಿ, ಬಳಿಕ ಸ್ವತಂತ್ರ ಸಂಶೋಧನೆಗೆ ತೊಡಗುತ್ತಿದ್ದರು. ಮುಂದುವರಿದ ವಿದ್ಯಾರ್ಥಿಗಳು ಪ್ರತಿದಿನ ಬೆಳಿಗ್ಗೆ ಹಿಂದಿನ ದಿನದ ಕೆಲಸವನ್ನೂ ಮುಂದಿನ ಯೋಜನೆಯನ್ನೂ ಗುರುವಿನ ಮುಂದೆ ನಿವೇದಿಸಬೇಕಾಗಿತ್ತು. ಗುರುವಿಗೆ ತಿಳಿದಿದ್ದ ಅಜ್ಞಾತವು ಯಾರಿಗೂ ತಿಳಿಯದ ಅಜ್ಞಾತಕ್ಕೆ ಮೆಟ್ಟಿಲಾಗಿತ್ತೆಂಬುದು ಈ ವ್ಯವಸ್ಥೆಯ ವೈಶಿಷ್ಟ್ಯ.

ಈ ಅಭ್ಯಾಸಕ್ಕೆ ಗ್ರಂಥರೂಪ ನೀಡಿದವರಲ್ಲಿ ಅಗ್ರಗಣ್ಯನಾದ ರೆಮಿಗಿಯುಸ್ ಫ್ರೆಸೇನಿಯುಸ್ ಆಗ ಸ್ವತಃ ವಿದ್ಯಾರ್ಥಿಯಾಗಿದ್ದುದು ಗಮನಾರ್ಹ. ಬಾನ್ ನಗರದಲ್ಲಿ ಓದುತ್ತಿದ್ದಾಗ ಸ್ವಂತ ಉಪಯೋಗಕ್ಕೆಂದು ಬರೆದುಕೊಂಡ ಕ್ರಮವು 1841ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಮುಂದೆ ಇಂಗ್ಲಿಷಿಗೂ ಅನುವಾದಗೊಂಡಿತು. ಲೋಹಗಳನ್ನು ಗುಂಪುಗಳಾಗಿ ಬೇರ್ಪಡಿಸುವ ಈ ಪದ್ಧತಿಯ ಜೀವಾಳ ಆಮ್ಲ ಹಾಗೂ ಪ್ರತ್ಯಾಮ್ಲಗಳ ಹತೋಟಿಯಲ್ಲಿದೆ. ಹೈಡ್ರೊಕ್ಲೋರಿಕ್ ಆಮ್ಲವು ಬೆಳ್ಳಿ ಮತ್ತು ಸೀಸಗಳನ್ನು ಬಿಳಿಯ ಅವಕ್ಷೇಪಗಳಾಗಿ ಇಳಿಸುತ್ತದೆ. ಆಮ್ಲೀಯ ದ್ರಾವಣದಲ್ಲಿ ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ಹಾಯಿಸಿದರೆ ತಾಮ್ರ ಕಪ್ಪಾಗಿಯೂ ಕ್ಯಾಡ್ಮಿಯಂ ಹಳದಿಯಾಗಿಯೂ ಆಂಟಿಮನಿ ಕಿತ್ತಳೆಯಾಗಿಯೂ ಇಳಿಯುತ್ತವೆ. ಅದೇ ಅನಿಲವನ್ನು ಅಮೋನಿಯ ಬೆರೆಸಿದ ದ್ರಾವಣಕ್ಕೆ ಹಾಯಿಸಿದಾಗ ಮಾತ್ರ ಸತು, ಮ್ಯಾಂಗನೀಸ್, ನಿಕ್ಕಲ್ ಮತ್ತು ಕೋಬಾಲ್ಟ್‌ಗಳು ಹೊರಬರುತ್ತವೆ. 1844ರಲ್ಲಿ ನೆದರ್ಲೆಂಡ್ಸಿನ ಪೆಟ್ರುಸ್ ಕಿಪ್ ರೂಪಿಸಿದ ಉಪಕರಣವು ಈ ಅನಿಲವನ್ನು ಬೇಕಾದಾಗ ಒದಗಿಸಿತು; ಕೊಳೆತ ಮೊಟ್ಟೆಯ ವಾಸನೆ ವಿದ್ಯಾರ್ಥಿ ಪ್ರಯೋಗಶಾಲೆಯ ಗುರುತಾಯಿತು.

ಈ ಕ್ರಮ ಏಕೆ ಫಲಿಸುತ್ತದೆಂಬುದು ದೀರ್ಘಕಾಲ ಸ್ಪಷ್ಟವಾಗಿರಲಿಲ್ಲ. ವಿದ್ಯುದ್ವಾಹಕ ದ್ರಾವಣಗಳನ್ನು ಕುರಿತು ಸ್ವಾಂಟೆ ಅರ್ಹೇನಿಯಸ್ 1884ರಲ್ಲಿ ಉಪ್ಸಾಲಕ್ಕೆ ಸಲ್ಲಿಸಿದ ಪ್ರಬಂಧಕ್ಕೆ ಪರೀಕ್ಷಕರು ಕೆಳದರ್ಜೆಯನ್ನಷ್ಟೇ ನೀಡಿದರು. ಅದರಿಂದ ಬೆಳೆದ ಅಯಾನು ಸಿದ್ಧಾಂತವನ್ನು ವಿಲ್‌ಹೆಲ್ಮ್ ಆಸ್ಟ್‌ವಾಲ್ಡ್ 1894ರ ತನ್ನ ಗ್ರಂಥದಲ್ಲಿ ವಿಶ್ಲೇಷಣೆಗೆ ಅನ್ವಯಿಸಿದನು. ಆಮ್ಲದ ಹೈಡ್ರೊಜನ್ ಅಯಾನುಗಳು ಸಲ್ಫೈಡ್ ಅಯಾನುಗಳ ಪ್ರಮಾಣವನ್ನು ತಗ್ಗಿಸುವುದರಿಂದ ಅತ್ಯಲ್ಪ ವಿಲೇಯತೆಯ ಸಲ್ಫೈಡುಗಳು ಮಾತ್ರ ಮೊದಲು ಇಳಿಯುತ್ತವೆ ಎಂಬ ವಿವರಣೆ ಹೀಗೆ ಸಾಧ್ಯವಾಯಿತು. ಅರ್ಧ ಶತಮಾನ ಕಾಲ ಕೈ ಬಲ್ಲದ್ದನ್ನು ಬುದ್ಧಿ ಅನಂತರ ಅರಿಯಿತು. ಕೆಳದರ್ಜೆ ಪಡೆದ ಅರ್ಹೇನಿಯಸ್‌ಗೆ 1903ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಭಾರತದಲ್ಲಿ ಈ ಪರಂಪರೆಯ ಫಲವನ್ನು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಾಣಬಹುದು. ಎಡಿನ್‌ಬರೋದಲ್ಲಿ ತರಬೇತಿ ಪಡೆದು 1889ರಲ್ಲಿ ಅಲ್ಲಿ ಅಧ್ಯಾಪಕರಾದ ಪ್ರಫುಲ್ಲಚಂದ್ರ ರಾಯ್ ಅವರು ಪಾದರಸದ ಮೇಲೆ ಸಾರರಿಕ್ತ ನೈಟ್ರಿಕ್ ಆಮ್ಲದ ಕ್ರಿಯೆಯನ್ನು ನಡೆಸುತ್ತಿದ್ದಾಗ ಹಳದಿ ಹರಳುಗಳು ಕಾಣಿಸಿದವು. ಅದು ಪ್ರತ್ಯಾಮ್ಲೀಯ ಲವಣವಿರಬೇಕೆಂಬುದು ಮೊದಲ ಊಹೆ. ಆದರೆ ತೀವ್ರ ಆಮ್ಲೀಯ ದ್ರಾವಣದಲ್ಲಿ ಅಂತಹ ಲವಣ ಉಂಟಾಗುವುದು ಸಾಮಾನ್ಯ ಅನುಭವಕ್ಕೆ ವಿರುದ್ಧವಾಗಿತ್ತು. ವಿದ್ಯಾರ್ಥಿಯೊಬ್ಬ ಮಾಡುವಂತಹ ಪ್ರಾಥಮಿಕ ಪರೀಕ್ಷೆಯೇ ಅದು ಮರ್ಕ್ಯುರಸ್ ಲವಣವೂ ನೈಟ್ರೈಟೂ ಹೌದೆಂದು ತೋರಿಸಿತು. 1896ರಲ್ಲಿ ಪ್ರಕಟವಾದ ಮರ್ಕ್ಯುರಸ್ ನೈಟ್ರೈಟಿನ ಈ ಶೋಧದ ಹಿಂದಿದ್ದುದು ಸ್ಟ್ರೋಮೆಯರನದೇ ಮನೋಧರ್ಮ.

ಮೈಸೂರು ಸಂಸ್ಥಾನದಲ್ಲಿ 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾಗಿ 1875ರಲ್ಲಿ ಹೊಸ ಹೆಸರು ಪಡೆದ ಬೆಂಗಳೂರಿನ ಸೆಂಟ್ರಲ್ ಕಾಲೇಜು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ವಿಜ್ಞಾನ ಶಿಕ್ಷಣದ ಮುಖ್ಯ ನೆಲೆಯಾಯಿತು. 1909ರಲ್ಲಿ ಸ್ಥಾಪಿತವಾಗಿ 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಕೂಡ, ವಿಲಿಯಂ ರಾಮ್ಸೆ ಅವರೊಡನೆ 1898ರಲ್ಲಿ ನಿಯಾನ್, ಕ್ರಿಪ್ಟಾನ್ ಮತ್ತು ಕ್ಸೆನಾನ್‌ಗಳನ್ನು ಶೋಧಿಸಿದ ರಸಾಯನಶಾಸ್ತ್ರಜ್ಞರು. 1937ರಲ್ಲಿ ಮೊದಲು ಪ್ರಕಟವಾದ ಆರ್ಥರ್ ವೋಗೆಲ್ ಅವರ ಗುಣಾತ್ಮಕ ವಿಶ್ಲೇಷಣೆಯ ಗ್ರಂಥವು ಮುಂದೆ ಭಾರತದ ಕಾಲೇಜುಗಳಲ್ಲಿ ಪ್ರಮಾಣಗ್ರಂಥವಾಯಿತು.

ಮೂರನೆಯ ಅರ್ಥದ ಅಜ್ಞಾತವು ಹುಟ್ಟಿದ್ದು ಪರೀಕ್ಷಾವ್ಯವಸ್ಥೆಯಲ್ಲಿ. ಕೊಡಬಹುದಾದ ಲವಣಗಳ ಪಟ್ಟಿ ಚಿಕ್ಕದಾದಂತೆ ನೀಲಿ ಹರಳು ತಾಮ್ರದ್ದೆಂದೂ ನಸುಗೆಂಪು ಪುಡಿ ಕೋಬಾಲ್ಟ್ ಅಥವಾ ಮ್ಯಾಂಗನೀಸಿನದೆಂದೂ ಪ್ರನಾಳ ಮುಟ್ಟುವ ಮೊದಲೇ ನಿರ್ಧರಿಸುವುದು ರೂಢಿಯಾಯಿತು. ಉತ್ತರ ಮೊದಲು, ಪ್ರಯೋಗಗಳ ಬರವಣಿಗೆ ಅನಂತರ ಎಂಬಂತೆ ಕ್ರಮ ತಲೆಕೆಳಗಾಯಿತು. ಕೋಷ್ಟಕವನ್ನು ದೂಷಿಸುವುದು ಉಚಿತವಲ್ಲ. ಫ್ರೆಸೇನಿಯುಸನ ಕ್ರಮವೂ ಕೋಷ್ಟಕಕ್ಕೆ ಒಗ್ಗುವಂತಹದೇ. ದೋಷವಿರುವುದು ಫಲಿತಾಂಶಕ್ಕೆ ಅಂಕವಿಟ್ಟು ತರ್ಕಕ್ಕೆ ಅಂಕವಿಡದಿರುವಲ್ಲಿ. ಗಣಕಯಂತ್ರದ ಪರದೆಯ ಮೇಲಿನ ಕೃತಕ ಪ್ರಯೋಗಗಳಿಗೂ ಇದೇ ಮಿತಿಯುಂಟು. ಮೊದಲೇ ನಿಗದಿಯಾದ ಬಣ್ಣವಷ್ಟೇ ಅಲ್ಲಿ ಕಾಣುತ್ತದೆ. ಸ್ಟ್ರೋಮೆಯರನಿಗೆ ಕಂಡಂತಹ ಅನಿರೀಕ್ಷಿತ ಹಳದಿಗೆ ಅಲ್ಲಿ ಅವಕಾಶವಿಲ್ಲ.

ವಿಶ್ಲೇಷಣೆಯ ದಾಖಲೆ ಪುಸ್ತಕದಲ್ಲಿ ಪ್ರಯೋಗ, ವೀಕ್ಷಣೆ, ಅನುಮಿತಿ ಎಂಬ ಮೂರು ಅಂಕಣಗಳಿರುತ್ತವೆ. ಮೂರನೆಯದಕ್ಕೆ ಶಾಸ್ತ್ರದಲ್ಲಿ ಸಲ್ಲುವ ಇನ್ನೊಂದು ಹೆಸರು ‘ಅನುಮಾನ’. ನ್ಯಾಯಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಯನ್ನು ತಿಳಿಯುವ ಪ್ರಮಾಣಕ್ಕೆ ಈ ಹೆಸರಿದೆ. ಕನ್ನಡದ ಬಳಕೆಯಲ್ಲಿ ಅದಕ್ಕೆ ಸಂದೇಹವೆಂಬ ಅರ್ಥವೂ ಇದೆ. ಪ್ರಾಥಮಿಕ ಪರೀಕ್ಷೆಯ ಮುಂದೆ ‘ಇರಬಹುದು’ ಎಂದೂ ದೃಢೀಕರಣ ಪರೀಕ್ಷೆಯ ಮುಂದೆ ‘ಇದೆ’ ಎಂದೂ ಬರೆಯುವ ವಿದ್ಯಾರ್ಥಿಗೆ ಈ ಎರಡು ಅರ್ಥಗಳೂ ಅವಶ್ಯಕ. ಸಂದೇಹವನ್ನು ಕಳೆದುಕೊಂಡ ತೀರ್ಮಾನವು ಕಂಠಪಾಠವಾಗಿ ಉಳಿಯುತ್ತದೆಂಬುದನ್ನು ಪರೀಕ್ಷಾವ್ಯವಸ್ಥೆಯ ಇತಿಹಾಸವೂ, ಸಂದೇಹವನ್ನು ಪರೀಕ್ಷೆಗೆ ಒಡ್ಡಿದಾಗ ಹೊಸ ಜ್ಞಾನ ಲಭಿಸುತ್ತದೆಂಬುದನ್ನು ಗಾಟಿಂಗೆನ್ ಮತ್ತು ಕಲ್ಕತ್ತೆಗಳ ಹಳದಿಗಳೂ ಸ್ಪಷ್ಟಪಡಿಸುತ್ತವೆ.