ಒಂದು ‘ಏಕೆಂದರೆ’ಯ ಹೊಣೆ

ವ್ಯಾಕರಣಕ್ಕೂ ಇತಿಹಾಸಕ್ಕೂ ಏನು ನಂಟು ಎಂದು ನಾನೂ ಬಹುಕಾಲ ಉದಾಸೀನನಾಗಿದ್ದೆ. ಆ ಉದಾಸೀನವನ್ನು ಬಿಡಿಸಿದ್ದು ಲ್ಯಾಟಿನ್ ಭಾಷೆಯ ‘ಕ್ವೋದ್’ ಎಂಬ ಪುಟ್ಟ ಅವ್ಯಯ. ಅದಕ್ಕೆ ‘ಏಕೆಂದರೆ’ ಎಂಬ ಅರ್ಥವುಂಟು. ‘ಕ್ವಿಯ’ ಎಂಬುದೂ ಅಂಥದೇ. ‘ಮನೆಯಲ್ಲೇ ಉಳಿದೆ, ಏಕೆಂದರೆ ಮಳೆ ಬಂತು’ ಎನ್ನುವಂಥ ಸರಳ ಮಾತಿಗೆ ಎರಡೂ ಸಲ್ಲುತ್ತವೆ.

ತೊಡಕಿರುವುದು ಅದರ ಬೆನ್ನಿಗೆ ಬರುವ ಕ್ರಿಯಾಪದದಲ್ಲಿ. ಕ್ರಿ.ಪೂ. 399ರಲ್ಲಿ ಅಥೆನ್ಸಿನವರು ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿದರಷ್ಟೆ. ತರುಣರನ್ನು ಕೆಡಿಸಿದನೆಂಬುದು ಆರೋಪಗಳಲ್ಲೊಂದು. ಇದನ್ನು ಲ್ಯಾಟಿನ್ನಿನಲ್ಲಿ ಹೇಳುವವನು ‘ಕ್ವೋದ್’ ಆದಮೇಲೆ ‘ಕೊರ್ರುಂಪೇಬತ್’ ಎಂದನೋ, ಕೆಡಿಸುತ್ತಿದ್ದುದು ನಿಜವೆಂದು ತಾನೇ ರುಜು ಹಾಕಿದಂತೆ. ‘ಕೊರ್ರುಂಪೆರೆತ್’ ಎಂದರೆ, ಹಾಗೆಂದವರು ಫಿರ್ಯಾದಿಗಳು, ಬರೆದವನು ಹೊಣೆಗಾರನಲ್ಲ. ಒಂದು ಪ್ರತ್ಯಯದ ಅಂತರ!

ಕನ್ನಡದಲ್ಲಿಯೂ ಈ ಭೇದ ಇಲ್ಲದಿಲ್ಲ. ‘ಕೆಡಿಸಿದ್ದರಿಂದ ಶಿಕ್ಷಿಸಿದರು’ ಎನ್ನುವುದು ಬೇರೆ, ‘ಕೆಡಿಸಿದನೆಂದು ಶಿಕ್ಷಿಸಿದರು’ ಎನ್ನುವುದು ಬೇರೆ. ಹಿಂದೊಮ್ಮೆ ಸಾಕ್ರಟೀಸನ ಮೇಲೆ ಬರೆದ ಲೇಖನವೊಂದನ್ನು ಮೊನ್ನೆ ತೆಗೆದು ನೋಡಿದೆ. ಅಭಿಮಾನದಿಂದಲೇ ಬರೆದದ್ದು, ಆದರೂ ‘ಕೆಡಿಸಿದ್ದರಿಂದ’ ಎಂದೇ ಇದೆ. ಮೆಲೀಟಸನ ದೂರಿಗೆ ಇಪ್ಪತ್ತನಾಲ್ಕು ಶತಮಾನಗಳ ತರುವಾಯ ನನ್ನದೂ ಒಂದು ಸಾಕ್ಷಿ!