ಎಂ-ಮೂರು ಎಂಬ ಹೊಸ್ತಿಲು

ನಮ್ಮ ಮಂಗಳೂರಿನ ಮನೆಗಳಲ್ಲಿ ಮಗಳು ಎಂಜಿನಿಯರಿಂಗಿಗೆ ಸೇರಿದಳೆಂದರೆ, ಕೆಲವೇ ತಿಂಗಳಲ್ಲಿ ತಾಯಂದಿರ ಬಾಯಿಗೂ ಹೊಸ ಪದಗಳು ಬರುತ್ತವೆ. ಎಂ-ಒಂದು, ಎಂ-ಎರಡು, ಎಂ-ಮೂರು. "ಉಳಿದದ್ದೆಲ್ಲ ಆಗುತ್ತದೆ ಮಾರಾಯ್ರೆ, ಎಂ-ಮೂರರದ್ದೇ ಹೆದರಿಕೆ" ಎನ್ನುವ ಮಾತನ್ನು ಸಿಟಿ ಬಸ್ಸಿನಲ್ಲಿ ನೀವೂ ಕೇಳಿರಬಹುದು. ಇವು ಎಂಜಿನಿಯರಿಂಗ್ ಗಣಿತದ ಪತ್ರಿಕೆಗಳ ಅಡ್ಡಹೆಸರು. ಪಠ್ಯಕ್ರಮ ಹಲವು ಸಲ ಬದಲಾಗಿದೆ, ಹೆದರಿಕೆ ಬದಲಾಗಿಲ್ಲ.

ನಮ್ಮೂರಿಗೆ ಕಾಲೇಜು ಹೊಸದಲ್ಲ. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ, ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಶುರುವಾದವು. ಆದರೆ ಎಂಜಿನಿಯರಿಂಗ್ ಪದವಿಯ ಗಣಿತ ಇಲ್ಲಿಗೆ ಬಂದದ್ದು 1960ರಲ್ಲಿ, ಸುರತ್ಕಲ್ಲಿನ ಕಡಲ ಬದಿಗೆ. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದಿಂದ ಅಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು, ಅಂದರೆ ನಮ್ಮೆಲ್ಲರ ಬಾಯಲ್ಲಿ ಕೆ.ಆರ್.ಇ.ಸಿ., ಹುಟ್ಟಿತು. ಮೊದಲಿಗೆ ಸಿವಿಲ್, ಮೆಕ್ಯಾನಿಕಲ್, ಇಲೆಕ್ಟ್ರಿಕಲ್ ಎಂಬ ಮೂರೇ ಶಾಖೆಗಳು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಪರೀಕ್ಷೆ, ಪದವಿಗಳೆಲ್ಲ ಮೈಸೂರಿನದು. 2002ರಲ್ಲಿ ಅದೇ ಕಾಲೇಜು ಎನ್.ಐ.ಟಿ.ಕೆ. ಆಯಿತು. ಈ ನಡುವೆ ಖಾಸಗಿ ಕಾಲೇಜುಗಳು ಬೆಳೆದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ, ಗಣಿತದ ಅದೇ ಪತ್ರಿಕೆ ಬೀದರಿನ ಹುಡುಗಿಗೂ ಮಂಗಳೂರಿನ ಹುಡುಗಿಗೂ ಬಂತು.

ಅಷ್ಟು ಹೆದರಿಸುವಂಥದ್ದು ಆ ಪತ್ರಿಕೆಯಲ್ಲಿ ಏನಿದೆ? ನಮ್ಮ ಕೆಂಪುಕಲ್ಲಿನ ಗೋಡೆಯನ್ನೇ ನೋಡಿ. ಮೇ ತಿಂಗಳ ಮಧ್ಯಾಹ್ನ ಹೊರಗೆ ಕೈಯಿಡಲಾಗದು, ಒಳಗೆ ತಂಪು. ರಾತ್ರಿ ಹೊರಗೆ ಗಾಳಿ ಬೀಸಿದರೂ ಒಳಗೋಡೆ ಬೆಚ್ಚಗೆ. ಹಗಲಿನ ಬಿಸಿ ಅಲೆಯಂತೆ ನಿಧಾನವಾಗಿ ಕಲ್ಲನ್ನು ದಾಟಿ, ಹೊತ್ತು ಮೀರಿ ಒಳಗೆ ಬಂದಿರುತ್ತದೆ. ಬಿಸಿಯ ಈ ಪಯಣವನ್ನು ಲೆಕ್ಕಕ್ಕೆ ಇಳಿಸಿದವನು ಫ್ರಾನ್ಸಿನ ಫೂರಿಯೇ. ಅವನ ಗ್ರಂಥ ಬಂದದ್ದು 1822ರಲ್ಲಿ. ಮತ್ತೆ ಮತ್ತೆ ಬರುವ ಯಾವ ಏರಿಳಿತವನ್ನಾದರೂ ಸರಳ ಅಲೆಗಳಾಗಿ ಬಿಡಿಸಿ, ಮತ್ತೆ ಕೂಡಿಸಬಹುದೆಂದು ಅವನು ತೋರಿಸಿದ. ಸಮುದ್ರದ ಭರತ ಇಳಿತಕ್ಕೂ ಇದೇ ಲೆಕ್ಕ. ಚಂದ್ರನಿಂದ ಬರುವ ಏರಿಳಿತ ಬೇರೆ, ಸೂರ್ಯನದು ಬೇರೆ. ಇಂಥ ಹಲವನ್ನು ಕೂಡಿಸಿ ಮುಂದಿನ ಭರತದ ಹೊತ್ತನ್ನು ಹೇಳುವ ಯಂತ್ರವನ್ನು ಕೆಲ್ವಿನ್ 1870ರ ದಶಕದಲ್ಲೇ ಮಾಡಿಸಿದ್ದ. ಬೆಂಗರೆಯ ಮೀನುಗಾರರಿಗೆ ಅದು ಅನುಭವದಿಂದ ಗೊತ್ತು. ಪಣಂಬೂರಿಗೆ ಬರುವ ಹಡಗಿಗೆ ಅದು ಅಂಕಿಯಲ್ಲಿ ಮೊದಲೇ ಗೊತ್ತಾಗಬೇಕು.

ಲಾಪ್ಲಾಸ್ ಪರಿವರ್ತನೆ ಇನ್ನೊಂದು ಗುಮ್ಮ. ಕಠಿಣವಾದ ಸಮೀಕರಣವನ್ನು ಹೈಸ್ಕೂಲಿನ ಬೀಜಗಣಿತಕ್ಕೆ ಇಳಿಸಿ, ಬಿಡಿಸಿ, ಮತ್ತೆ ಮೇಲಕ್ಕೆ ಒಯ್ಯುವ ಉಪಾಯ ಅದು. ಇಂಥ ವಿಧಾನವನ್ನು ವಿದ್ಯುತ್ತಿನ ಕೆಲಸಕ್ಕೆ ಧೈರ್ಯವಾಗಿ ಬಳಸಿದ ಇಂಗ್ಲೆಂಡಿನ ಹೆವಿಸೈಡ್ ಹದಿನಾರಕ್ಕೇ ಶಾಲೆ ಬಿಟ್ಟವನು, ಟೆಲಿಗ್ರಾಫ್ ಕೆಲಸದಲ್ಲಿದ್ದವನು!

ಗಣಿತದ ಕಷ್ಟ ಹೀಗಾದರೆ ಮನೆಯ ಕಷ್ಟ ಬೇರೆ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿದ ಹುಡುಗಿಯೊಬ್ಬಳು ಎಂ-ಮೂರರಲ್ಲಿ ಎರಡು ಸಲ ಫೇಲಾದಳು. ಅವಳ ಅಣ್ಣನಿಗೂ ಹಿಂದೆ ಅದೇ ಪತ್ರಿಕೆ ಉಳಿದಿತ್ತು. ಅವನಿಗೆ ಟ್ಯೂಷನ್ ಹುಡುಕಿದ್ದರು, ಇವಳಿಗೆ ಗಂಡು ಹುಡುಕಿದರು. "ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲ ಟೀಚರೇ" ಎಂದು ತಂದೆ ನನಗೇ ಹೇಳಿದರು. ತಾಯಿ ಮಾತ್ರ ಹಟ ಹಿಡಿದರು. ಬೀಡಿ ಕಟ್ಟಿ ಉಳಿಸಿದ ದುಡ್ಡಿನಲ್ಲಿ ಪರೀಕ್ಷೆಯ ಫೀಸು ತುಂಬಿದರು. ಮೂರನೆಯ ಸಲ ಹುಡುಗಿ ಪಾಸಾದಳು.

ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲವೆನ್ನುವವರಿಗೆ ರಾಜೇಶ್ವರಿ ಚಟರ್ಜಿಯವರ ಹೆಸರು ಹೇಳಬೇಕು. ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಎಂಜಿನಿಯರಿಂಗ್ ಅಲ್ಲ, ಗಣಿತ. ಆ ಗಣಿತದ ಬಲದಿಂದಲೇ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು, ಅಮೆರಿಕದ ಮಿಷಿಗನ್ನಿನಲ್ಲಿ ಇಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ ಡಾಕ್ಟರೇಟ್ ಪಡೆದರು, 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಬಂದರು. ಮೈಕ್ರೋವೇವ್, ಆಂಟೆನಾಗಳ ಮೇಲೆ ಸಂಶೋಧನೆ ನಡೆಸಿದರು, ವಿಭಾಗದ ಮುಖ್ಯಸ್ಥೆಯೂ ಆದರು. 2010ರಲ್ಲಿ ತೀರಿಕೊಂಡರು. ಗಣಿತದಿಂದ ಎಂಜಿನಿಯರಿಂಗಿಗೆ ಹೋಗುವ ದಾರಿಯನ್ನು ನಮ್ಮ ನಾಡಿನ ಹೆಣ್ಣುಮಗಳು ಅಷ್ಟು ಹಿಂದೆಯೇ ನಡೆದು ತೋರಿಸಿದ್ದಾರೆ.

ಲಾಪ್ಲಾಸ್, ಫೂರಿಯೇ ತಾಯಂದಿರಿಗೆ ಗೊತ್ತಿರಬೇಕಾಗಿಲ್ಲ. ಮಗಳ ಪತ್ರಿಕೆ ಒಂದು ಉಳಿದರೆ ಮಗನಿಗೆ ಕೊಟ್ಟಷ್ಟೇ ಸಮಯವನ್ನು ಅವಳಿಗೂ ಕೊಟ್ಟರೆ ಸಾಕು. ಪುರುಸೊತ್ತಾದಾಗ, "ಎಷ್ಟು ಮಾರ್ಕು ಬಂತು?" ಎಂದು ಕೇಳುವ ಬದಲು, "ಈ ಪಾಠ ಯಾವುದಕ್ಕೆ ಬೇಕಾಗುತ್ತದೆ ಮಗಾ?" ಎಂದು ಕೇಳಿ. ಅವಳಿಗೆ ಗೊತ್ತಿಲ್ಲದಿದ್ದರೆ ಗೋಡೆಯ ಮೇಲೆ ಕೈಯಿಟ್ಟು ನೋಡಲು ಹೇಳಿ.